ಜಠರದ ಗಂಟು: ಬಯಾಪ್ಸಿ ಎಷ್ಟು ಆಳದಿಂದ ಬಂತು?

ಮಾನ್ಯರೇ,

ಜಠರದಲ್ಲಿ ಗಂಟು ಕಂಡು ಸಿ.ಟಿ. ವರದಿಯಲ್ಲಿ ‘ಜಿಸ್ಟ್ ಶಂಕೆ’ (ಜಿಸ್ಟ್ ಎಂದರೆ ಜೀರ್ಣಾಂಗದ ಗೋಡೆಯಲ್ಲಿ ಹುಟ್ಟುವ, ಕ್ಯಾನ್ಸರ್ ಆಗಬಲ್ಲ ಗಡ್ಡೆ) ಎಂದಿದ್ದರೆ ಮನೆಮಂದಿ ಕ್ಯಾನ್ಸರ್ ಎಂದೇ ಕಂಗಾಲಾಗುತ್ತಾರೆ. ಸ್ನಾಯುಪದರದಲ್ಲಿ ಹುಟ್ಟುವ ಗಂಟುಗಳಲ್ಲಿ ಜಿಸ್ಟೇ ಹೆಚ್ಚು, ಹಾಗಾಗಿ ಶಂಕೆ ಸಕಾರಣವೇ. ಆದರೆ ಶ್ವಾನೋಮಾ (ನರದ ಹೊದಿಕೆಯ ಗಡ್ಡೆ), ಲಿಯೊಮಯೋಮಾ (ಸ್ನಾಯುವಿನ ನಿರುಪದ್ರವಿ ಗಡ್ಡೆ), ಗ್ಲೋಮಸ್ ಗಡ್ಡೆ (ಸಣ್ಣ ರಕ್ತನಾಳಗಳ ಸುತ್ತಲಿನ ಕೋಶಗಳದ್ದು) ಕೂಡ ಅಲ್ಲೇ ಬೆಳೆಯುತ್ತವೆ. ನಿರುಪದ್ರವಿ ಶ್ವಾನೋಮಾ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯಬಲ್ಲದು. ಪಕ್ಕದ ದುಗ್ಧಗ್ರಂಥಿಗಳೂ ಊದಿಕೊಂಡಿರಬಹುದು.

ಇದರ ಉಲ್ಟಾ ತಪ್ಪೂ ಉಂಟು. ಎಂಡೋಸ್ಕೋಪಿಯ ಮಾಮೂಲಿ ಚಿಮುಟ ಕಚ್ಚುವುದು ಕೆಲವೇ ಮಿಲಿಮೀಟರಿನ ಒಳಪೊರೆಯನ್ನು. ‘ಗ್ಯಾಸ್ಟ್ರೈಟಿಸ್ ಮಾತ್ರ’ ಎಂಬ ವರದಿ ಅದರ ಕೆಳಗಿರುವ ಗಂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಲ್ಲಿ ಗೋಡೆಯ ಐದು ಪದರಗಳು ಕಾಣುತ್ತವೆ. ನಾಲ್ಕನೆಯದಾದ ಸ್ನಾಯುಪದರದಲ್ಲಿದ್ದರೆ ಮೇಲಿನ ಗಂಟುಗಳ ಗುಮಾನಿ; ಮೂರನೆಯದರಲ್ಲಿ ಬೆಳ್ಳಗೆ ಹೊಳೆದರೆ ಬಹುತೇಕ ಕೊಬ್ಬಿನ ಗಡ್ಡೆ, ಸೂಜಿಯೇ ಬೇಡ. ಸೂಜಿ ಹಾಕುವುದಾದರೆ ಬಿಡಿ ಕೋಶಗಳನ್ನಷ್ಟೇ ಹೀರುವುದಕ್ಕಿಂತ ಅಂಗಾಂಶದ ಎಳೆ ತೆಗೆಯುವ ಸೂಜಿ ಮೇಲು, ಏಕೆಂದರೆ ಕೋಶದ ಪ್ರೋಟೀನುಗಳಿಗೆ ಬಣ್ಣ ಹಿಡಿಸಿ ಗುರುತಿಸುವ ಮುಂದಿನ ಐಎಚ್‌ಸಿ ಪರೀಕ್ಷೆಗಳಿಗೆ ಅಂಗಾಂಶ ಸಾಕಷ್ಟು ಬೇಕು.

ಒಂದೇ ಸ್ಟೇನ್ (ಹೀಗೆ ಹಿಡಿಸುವ ಬಣ್ಣ) ನಂಬುವುದು ಅಪಾಯ. ಜಿಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಡಿ117 ಮತ್ತು ಡಾಗ್1 ಎಂಬ ಪ್ರೋಟೀನುಗಳ ಸ್ಟೇನ್ ಪಾಸಿಟಿವ್. ಶ್ವಾನೋಮಾದಲ್ಲಿ ಇವೆರಡೂ ನೆಗೆಟಿವ್, ಎಸ್100 ಪಾಸಿಟಿವ್. ಲಿಯೊಮಯೋಮಾದಲ್ಲಿ ಡೆಸ್ಮಿನ್ ಪಾಸಿಟಿವ್. ಲಿಯೊಮಯೋಮಾದೊಳಗೆ ಚದುರಿರುವ ಮಾಸ್ಟ್ ಕೋಶಗಳೂ (ಒಂದು ಬಗೆಯ ರೋಗನಿರೋಧಕ ಕೋಶಗಳು) ಸಿಡಿ117 ಬಣ್ಣ ಹಿಡಿಯುತ್ತವೆ. ಬಣ್ಣ ಬಂತೇ ಎನ್ನುವುದಕ್ಕಿಂತ ಯಾವ ಕೋಶಕ್ಕೆ ಬಂತು ಎಂದು ನೋಡದಿದ್ದರೆ ಲಿಯೊಮಯೋಮಾವೂ ವರದಿಯಲ್ಲಿ ಜಿಸ್ಟ್ ಆಗಿಬಿಡುತ್ತದೆ.

ಅನ್ನನಾಳದ ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ (ಸಾಮಾನ್ಯವಾಗಿ ನಿರುಪದ್ರವಿಯಾದ ಗಡ್ಡೆ) ಇನ್ನೂ ಮೋಸದ್ದು. ಅದರ ಮೇಲಿನ ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಪೊರೆ ಬೇರು ಬಿಟ್ಟಂತೆ ಕೆಳಗಿಳಿಯುತ್ತದೆ. ಚೂರು ತೀರ ಮೇಲ್ಮೈಯದಾದರೆ ಆ ಬೇರುಗಳಷ್ಟೇ ಸ್ಲೈಡಿನಲ್ಲಿ ಸಿಕ್ಕಿ, ಸ್ಕ್ವೇಮಸ್ ಕ್ಯಾನ್ಸರ್ ಎಂಬ ವರದಿ ಬರಬಹುದು. ಅದೇ ಜಾಗದಿಂದ ಇನ್ನೂ ಆಳದ ಚೂರು ತೆಗೆದು ಎಸ್100 ಮಾಡಿದರೆ ಕಣಗಳು ತುಂಬಿದ ದೊಡ್ಡ ಕೋಶಗಳು ಕಾಣುತ್ತವೆ. ವಿನಂತಿ ಪತ್ರದಲ್ಲಿ ‘ಪೊರೆಯಡಿಯ ಗಂಟು’ ಎಂಬ ಎರಡೇ ಪದ ಬರೆದಿದ್ದರೂ ಪ್ಯಾಥಾಲಜಿಸ್ಟ್ ಎಚ್ಚರಾಗುತ್ತಾರೆ. ‘ಬಯಾಪ್ಸಿ, ಜಠರ’ ಎಂದಷ್ಟೇ ಗೀಚಿ ಕಳಿಸುವ ರೂಢಿ ನಿಲ್ಲಬೇಕು.

ಜಿಸ್ಟ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆಯನ್ನು ಅಂಗಾಂಶದ ಖಚಿತತೆಗೆ ಮುಂಚೆ ಶುರು ಮಾಡಬಾರದು. ಶ್ವಾನೋಮಾಗೆ ಅದು ಔಷಧವೇ ಅಲ್ಲ. ಅನುಮಾನ ಉಳಿದಿದ್ದರೆ ಎರಡನೇ ಅಭಿಪ್ರಾಯಕ್ಕೆ ವರದಿಯ ಪ್ರತಿ ಸಾಲದು. ಸ್ಲೈಡುಗಳ ಜತೆ ಪ್ಯಾರಾಫಿನ್ ಬ್ಲಾಕನ್ನೂ (ಅಂಗಾಂಶ ಹುದುಗಿಸಿದ ಮೇಣದ ತುಂಡು) ಲ್ಯಾಬಿನಿಂದ ಕೇಳಿ ಪಡೆಯಿರಿ. ಹೊಸ ಸ್ಟೇನ್ ಮಾಡಲು ಬೇಕಾದ ತೆಳು ಪದರಗಳನ್ನು ಕತ್ತರಿಸುವುದು ಅದರಿಂದಲೇ.

– ಜೀರ್ಣಾಂಗ ರೋಗಗಳ ಪ್ಯಾಥಾಲಜಿಸ್ಟರು