ಎರೆ ಹೊಲದ ಲೇಔಟ್: ಮೊದಲು ಗಟಾರ, ಆಮೇಲೆ ಪ್ಲಾಟು

ಮಾನ್ಯರೆ,

ಹುಬ್ಬಳ್ಳಿ–ಗದಗ ರಸ್ತೆಯಲ್ಲಿ ಅಣ್ಣಿಗೇರಿ ದಾಟುವವರಿಗೆ ಈಗ ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಮೇಲೆ, ಕಡಲೆ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಎನ್.ಎ. (ಕೃಷಿಯೇತರ ಜಮೀನು) ಆಗಿ ಪ್ಲಾಟಿನ ಕಲ್ಲು ಕಾಣುತ್ತಿವೆ. ನವಲಗುಂದ, ರೋಣಗಳದೂ ಇದೇ ದಾರಿ. ಊರು ಬೆಳೆಯಲಿ, ತಕರಾರಿಲ್ಲ. ಆದರೆ ಗರಸು ನೆಲದಲ್ಲಿ, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನಲ್ಲಿ, ನಡೆದದ್ದು ಎರೆಯಲ್ಲೂ, ಅಂದರೆ ಜಿಗುಟಾದ ಕಪ್ಪು ಮಣ್ಣಿನಲ್ಲೂ, ನಡೆದೀತು ಎಂಬ ಲೆಕ್ಕ ಮಾತ್ರ ತಪ್ಪು.

ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಈ ಆಟ ಸುಮಾರು 3 ಮೀಟರ್ ಆಳದವರೆಗೂ ಉಂಟು. ನಾಲ್ಕೈದು ಅಡಿ ತೋಡಿ ಉಸುಕು ತುಂಬಿ ಪಾಯ ಎಬ್ಬಿಸಿದರೆ ಆ ಉಸುಕೇ ನೀರಿಗೆ ದಾರಿಯಾಗುತ್ತದೆ. ಅಗೆದ ಎರೆಯನ್ನೇ ಒಳಗೆ ತುಂಬಿ ಮೇಲೆ ಫರ್ಸಿ ಕಲ್ಲು ಹಾಸುವುದಂತೂ ಕಣ್ಣು ತೆರೆದು ಬಾವಿಗೆ ಬಿದ್ದಂತೆ. ನಡುಮನೆಯ ನೆಲ ಏಳದೆ ಇರದು. ಇಲ್ಲಿಗೆ ಸರಿಹೋಗುವುದು ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಬುಡ ಅಗಲವಾದ ಕಾಂಕ್ರೀಟ್ ಕಂಬ: 3.5 ಮೀಟರ್ ಆಳ, ಬುಡದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ, ಮೇಲಿನ ಬೀಮಿನ ಕೆಳಗೆ ಮಣ್ಣು ಉಬ್ಬಲು ಮೂರು ಇಂಚು ಖಾಲಿ ಜಾಗ. ಒಳಗೆ ತುಂಬಬೇಕಾದದ್ದು ಗರಸು, ಆರಾರು ಇಂಚಿನ ಪದರಿಗೊಮ್ಮೆ ನೀರು ಹಾಕಿ ದಮ್ಮಸು. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾದ ನಾಲ್ಕಡಿ ಕಾಂಕ್ರೀಟ್ ಹಾಸು. ಖರ್ಚು ಹೆಚ್ಚು, ನಿಜ.

ಇಷ್ಟೆಲ್ಲ ಮಾಡಿದವರ ಮನೆಗೂ ಇಂಗುಗುಂಡಿಯ (ಮನೆಯ ಕೊಳಚೆ ನೀರು ಇಂಗಿಸುವ ಗುಂಡಿ) ಕಾಟ ತಪ್ಪಿದ್ದಲ್ಲ. ಒಳಚರಂಡಿ ಇಲ್ಲದ ಲೇಔಟಿನಲ್ಲಿ 30×40 ಅಡಿಯ ಸೈಟಿಗೆ ಮನೆ ಕಟ್ಟಿದರೆ ಗುಂಡಿಗೆ ಉಳಿಯುವುದು ಗೋಡೆಯಿಂದ ಮೂರಡಿ. ತೊಯ್ದ ಎರೆ ಮಣ್ಣು ಅಂಟಾಗಿ ನೀರನ್ನು ಇಂಗಗೊಡುವುದಿಲ್ಲ. ತುಂಬಿದ ಗುಂಡಿ ಆ ಒಂದು ಮಗ್ಗುಲನ್ನಷ್ಟೇ ವರ್ಷವಿಡೀ ಹಸಿಯಾಗಿ ಇಡುತ್ತದೆ. ಆ ಮೂಲೆ ಉಬ್ಬುತ್ತದೆ, ಎದುರು ಮೂಲೆ ಒಣಗಿ ಕುಸಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಜನ ಗೌಂಡಿಯನ್ನು ಬಯ್ಯುತ್ತಾರೆ. ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಮತ್ತೊಂದು.

ಮಳೆನೀರಿನ ಕಥೆಯೂ ಹೀಗೆಯೇ. ಬದುಗಳನ್ನು ಕೆಡವಿ ನೀರು ಹರಿಯುವ ದಾರಿ ಮುಚ್ಚುತ್ತಾರೆ, ರಸ್ತೆಯನ್ನು ಒಂದೂವರೆ ಅಡಿ ಎತ್ತರಿಸುತ್ತಾರೆ, ನಡುವಿನ ಪ್ಲಾಟುಗಳು ಕೆರೆಯಾಗುತ್ತವೆ. (2010ರಲ್ಲಿ ಗಟಾರದಲ್ಲಿ ತಲೆಬುರುಡೆಗಳ ಸಾಲು ಸಿಕ್ಕು ಅಣ್ಣಿಗೇರಿ ಸುದ್ದಿಯಾಗಿತ್ತು. ಈಗ ಗಟಾರ ಇಲ್ಲದ್ದೇ ಸುದ್ದಿಯಾಗಬೇಕಿದೆ.)

ಲೇಔಟಿನ ಸೈಟುಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವ ನಿಯಮ ಇದ್ದೇ ಇದೆ. ಮಣ್ಣು ಪರೀಕ್ಷೆಯ ವರದಿ, ಹಳ್ಳದವರೆಗಿನ ಲೆವೆಲ್ (ನೆಲದ ಏರಿಳಿತದ) ನಕ್ಷೆ ಇಲ್ಲದೆ ಮೊದಲ ಹಂತಕ್ಕೇ ಸಹಿ ಬೀಳಬಾರದು. ಕೊನೆಯ ಹಂತ ಬಿಡುವ ಮುನ್ನ ಅಧಿಕಾರಿಗಳು ಲೇಔಟಿನ ಮೇಲ್ತುದಿಯ ಗಟಾರಕ್ಕೆ ಒಂದು ಟ್ಯಾಂಕರ್ ನೀರು ಸುರಿಸಿ, ಹಳ್ಳ ಮುಟ್ಟುತ್ತದೋ ಇಲ್ಲವೋ ಎಂದು ನಿಂತು ನೋಡಲಿ.

– ನಿವೃತ್ತ ಎಂಜಿನಿಯರ್, ಗದಗ