ಮಂಗನ ಹಿಂದೆ ಮರೆಯಾದ ಭಿಕ್ಷು

ಮಾನ್ಯ ಸಂಪಾದಕರೇ,

ಮೊನ್ನೆ ಮಗಳು ಚೀನಾದ ಮಂಗರಾಜ ಸುನ್ ವುಕೊಂಗ್‌ನ ಕಾರ್ಟೂನ್ ನೋಡುತ್ತಿದ್ದಳು. ಅದರಲ್ಲೊಬ್ಬ ಭಿಕ್ಷು. ರಾಕ್ಷಸ ಬಂದರೆ ಸಾಕು, ಕುದುರೆ ಮೇಲೆ ಕೂತು ಗಡಗಡ ನಡುಗುತ್ತಾನೆ. ‘ಯಾರಪ್ಪಾ ಈ ಪುಕ್ಕಲ?’ ಎಂದಳು. ಪಾಠದಲ್ಲಿ ಬರುವ ಹ್ಯೂಯೆನ್ ತ್ಸಾಂಗ್ ಇವನೇ ಎಂದರೆ ನಂಬಲೇ ಇಲ್ಲ.

ನಂಬುವುದಾದರೂ ಹೇಗೆ? ಕಾರ್ಟೂನಿಗೆ ಮೂಲವಾದ 16ನೇ ಶತಮಾನದ ಕಥೆಯಲ್ಲಿ ಚಕ್ರವರ್ತಿಯೇ ಅವನನ್ನು ಬೀಳ್ಕೊಡುತ್ತಾನೆ. ನಿಜಕ್ಕೂ ಅವನಿಗೆ ಗಡಿ ದಾಟುವ ಅಪ್ಪಣೆಯೇ ಇರಲಿಲ್ಲ, ಬೌದ್ಧ ಗ್ರಂಥ ಹುಡುಕಿ ಭಾರತಕ್ಕೆ ಕದ್ದು ಹೊರಟವನು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಪೂರ್ತಿ ಚೆಲ್ಲಿಹೋಯಿತು. ನಾಲ್ಕೈದು ದಿನ ಗುಟುಕು ನೀರಿಲ್ಲ. ಕೊನೆಗೆ ನೀರಿನ ಜಾಡು ಹಿಡಿದದ್ದು ಅವನ ಮುದಿ ಕುದುರೆ. ಕಾಪಾಡಲು ಯಾವ ಮಂಗವೂ ಇರಲಿಲ್ಲ! 645ರಲ್ಲಿ ಊರಿಗೆ ಮರಳಿದಾಗ 657 ಗ್ರಂಥ ತಂದಿದ್ದ.

ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದ ಅಲ್ವಾ. ಇಲ್ಲಿ ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸುತ್ತಾರೆ, ಹರ್ಷನಿಗೂ ಇವರು ಬಗ್ಗಲಿಲ್ಲ ಎಂದು ಬರೆದಿಟ್ಟವನು ಇವನೇ. ಪಠ್ಯದಲ್ಲಿ ಸುಮ್ನೆ ಹೆಸರು, ಇಸವಿ ಉರು ಹೊಡೆಸುವ ಬದಲು ಇಂಥದ್ದನ್ನು ಸೇರಿಸಬಾರದೇ? ಕುಡಿದ ಆನೆಯ ಕಥೆ ಕೇಳಿ ಮಗಳು ಕಾರ್ಟೂನನ್ನೇ ನಿಲ್ಲಿಸಿದಳು.

– ಓದುಗ, ಬಾಗಲಕೋಟೆ