ಎಫ್ಎಂ ಕ್ಯಾಸೆಟ್ ಇದ್ದವರು ಹೇಳಿ

ಗೆಳೆಯರೇ, ನಿನ್ನೆ ಅಟ್ಟದಿಂದ ಅಪ್ಪನ ರೇಡಿಯೊ ಇಳಿಸಿದೆ. 91.1ರ ಹತ್ತಿರ ಬಾಲ್‌ಪೆನ್ನಿನಲ್ಲಿ ಗೀಚಿದ ಗೆರೆ ಇನ್ನೂ ಹಾಗೇ ಇದೆ! 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾದಾಗ ನಾವು ತುಮಕೂರಿನಲ್ಲಿ ತಾರಸಿ ಹತ್ತಿ, ಆಂಟೆನಾ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆವು. ಅರ್ಧ ಹಾಡು, ಅರ್ಧ ಗೊರಗೊರ. ಆಗ ಹಿಂದಿ, ಇಂಗ್ಲಿಷೇ ಜಾಸ್ತಿ. ಆಮೇಲೆ ತಾನೇ ಕನ್ನಡಕ್ಕೆ ಹೊರಳಿದ್ದು? ಕೇಳುಗರಿದ್ದ ಕಡೆ ಜಾಹೀರಾತು, ಅಲ್ವಾ. ಶಾಸ್ತ್ರೀಯ ಸಂಗೀತಕ್ಕೆ ಆಕಾಶವಾಣಿಯ ಅಮೃತವರ್ಷಿಣಿ, 100.1. ಅದು ನಮ್ಮಜ್ಜಿಯ ಪಾಲು.

ಆ ಕಾಲದಲ್ಲಿ ಎಫ್ಎಂನಿಂದ ರೆಕಾರ್ಡ್ ಮಾಡಿದ ಕ್ಯಾಸೆಟ್ ಯಾರ ಹತ್ತಿರವಾದರೂ ಇದ್ದರೆ ಭಾನುವಾರದೊಳಗೆ ಹೇಳಿ. ನನ್ನ ಟೇಪ್‌ರೆಕಾರ್ಡರ್ ಇನ್ನೂ ಓಡುತ್ತದೆ, ಮೊಬೈಲಿಗೆ ಇಳಿಸಿ ವಾಪಸ್ ಕೊಡುತ್ತೇನೆ. ಇಲ್ಲಿ ಹಾಕಿದರೆ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗುತ್ತದೆ, ನನಗೇ ಮೆಸೇಜ್ ಮಾಡಿ.